ಮಕ್ಕಳ ದವಡೆ ಹಲ್ಲಿಗೆ ಸ್ಟೀಲ್ ಕ್ಯಾಪೋ, ಬಿಳಿ ಕ್ಯಾಪೋ: ಹಾಸನದಲ್ಲಿ ನನ್ನ ಅನುಭವ

ಮಗುವಿನ ಹುಳುಕು ದವಡೆ ಹಲ್ಲಿಗೆ ಕ್ಯಾಪ್ ಹಾಕಬೇಕೆಂದು ಹೇಳಿದ ಕೂಡಲೇ ಹೆತ್ತವರು ಈಗ ಕೇಳುವ ಮೊದಲ ಪ್ರಶ್ನೆ, ಸ್ಟೀಲಿನದೋ ಬಿಳಿಯದೋ ಎಂಬುದು. ಹಿಂದೆ ಈ ಪ್ರಶ್ನೆಯೇ ಬರುತ್ತಿರಲಿಲ್ಲ. ‘ಹೇಗೂ ಬಿದ್ದುಹೋಗೋ ಹಲ್ಲು ತಾನೆ ಡಾಕ್ಟ್ರೇ, ಕಿತ್ತುಬಿಡಿ’ ಎಂಬಲ್ಲಿಗೆ ಮಾತು ಮುಗಿಯುತ್ತಿತ್ತು. ಹಾಸನದ ಬಿ.ಎಂ. ರಸ್ತೆಗೆ ಹತ್ತಿರವಿರುವ ಕ್ಲಿನಿಕ್ಕಿನಲ್ಲಿ ಮಕ್ಕಳ ಹಲ್ಲಿನ ಕೆಲಸವನ್ನೇ ಮುಖ್ಯವಾಗಿ ಮಾಡುತ್ತ ಬಂದಿರುವ ನಾನು ಸ್ಟೀಲ್, ಜಿರ್ಕೋನಿಯಾ (ಪಿಂಗಾಣಿಯಂಥ ಬಿಳಿ ವಸ್ತು) ಮತ್ತು ಇತ್ತೀಚಿನ ಪಾಲಿಮರ್ (ಪ್ಲಾಸ್ಟಿಕ್ ಜಾತಿಯ) ಕ್ಯಾಪುಗಳು ಮೂರನ್ನೂ ಹಾಕಿದ್ದೇನೆ. ಯಾವ ಹಲ್ಲಿಗೆ ಯಾವುದನ್ನು ಆರಿಸುತ್ತೇನೆ ಮತ್ತು ಏಕೆ ಎಂಬುದಷ್ಟೇ ಈ ಬರಹದ ವಿಷಯ. ಬಣ್ಣಕ್ಕೂ ಬೆಲೆಗೂ ಮೊದಲು ನಾನು ನೋಡುವುದು, ಆ ಕ್ಯಾಪ್ ಕೂರಬೇಕಾದರೆ ಉಳಿದಿರುವ ಹಲ್ಲಿನಲ್ಲಿ ಇನ್ನೆಷ್ಟನ್ನು ಸವೆಸಬೇಕಾಗುತ್ತದೆ ಎಂಬುದನ್ನು.

ಹಾಲು ಹಲ್ಲಿನ ಎನಾಮೆಲ್, ಅಂದರೆ ಹೊರಗಿನ ಗಟ್ಟಿ ಪದರ, ದೊಡ್ಡವರ ಹಲ್ಲಿನದಕ್ಕಿಂತ ತೆಳುವಾಗಿರುತ್ತದೆ. ಒಳಗಿನ ನರದ ಕೋಣೆಯಾದರೋ ಹಲ್ಲಿನ ಗಾತ್ರಕ್ಕೆ ದೊಡ್ಡದು. ಆದ್ದರಿಂದ ಎರಡು ದವಡೆ ಹಲ್ಲುಗಳು ಒಂದಕ್ಕೊಂದು ತಾಗುವ ಸಂದಿಯಲ್ಲಿ ಹತ್ತಿದ ಹುಳುಕು, ಹೊರಗಿನವರ ಕಣ್ಣಿಗೆ ಸಣ್ಣ ಕಪ್ಪು ಗೆರೆಯಾಗಿ ಕಾಣಿಸುವಷ್ಟರಲ್ಲಿ ಒಳಗೊಳಗೇ ನರದ ಸಮೀಪಕ್ಕೆ ಹೋಗಿರುತ್ತದೆ. ರಾತ್ರಿ ಸಕ್ಕರೆ ಬೆರೆಸಿದ ಬಾಟಲಿ ಹಾಲನ್ನು ಬಾಯಲ್ಲಿಟ್ಟುಕೊಂಡೇ ನಿದ್ದೆಹೋಗುವ ಮಕ್ಕಳಲ್ಲಂತೂ ಒಂದು ಹಲ್ಲಲ್ಲ, ನಾಲ್ಕೂ ಮೂಲೆಯ ದವಡೆ ಹಲ್ಲುಗಳು ಒಟ್ಟಿಗೇ ಹಾಳಾಗಿರುವುದನ್ನು ನೋಡುತ್ತೇನೆ. ಸಂದಿ ತೆರೆದುಕೊಂಡ ಇಂಥ ಹಲ್ಲಿಗೆ ಸಿಮೆಂಟ್ ತುಂಬಿ ಕಳುಹಿಸಿದರೆ, ಒಂದೆರಡು ವರ್ಷದೊಳಗೆ ಆ ಸಿಮೆಂಟ್ ಕಿತ್ತುಬರುವುದು ಅಥವಾ ಅದರ ಅಂಚಿನಲ್ಲಿ ಮತ್ತೆ ಹುಳುಕು ಹತ್ತುವುದು ಸಾಮಾನ್ಯ. ಹುಳುಕು ಹತ್ತಿದ ಹಾಲುದವಡೆಗಳಿಗೆ (ಹಾಲು ಹಲ್ಲುಗಳಲ್ಲಿನ ದವಡೆ ಹಲ್ಲುಗಳಿಗೆ) ಸಿದ್ಧ ಕ್ಯಾಪ್ ಹಾಕಿದರೆ, ಬರೀ ತುಂಬಿಸಿದ ಹಲ್ಲುಗಳಿಗಿಂತ ಮುಂದೆ ನೋವು, ಕೀವು ಕಾಣಿಸಿಕೊಳ್ಳುವ ಸಾಧ್ಯತೆ ಕಡಿಮೆ ಎಂಬುದನ್ನು ಹಲವು ಅಧ್ಯಯನಗಳನ್ನು ಒಟ್ಟಿಗೆ ತೂಗಿ ನೋಡಿದ 2015ರ ಕಾಕ್ರೇನ್ ಪರಾಮರ್ಶೆಯೂ ಹೇಳಿದೆ. ಕೀಳುವುದು ಸುಲಭವೆಂದು ತೋರಿದರೂ ಅದರ ಲೆಕ್ಕ ನಂತರ ಬರುತ್ತದೆ: ಎರಡನೆಯ ಹಾಲುದವಡೆ ತಾನಾಗಿ ಬೀಳುವುದು 10ರಿಂದ 12ನೇ ವಯಸ್ಸಿನಲ್ಲಿ, ಅದನ್ನು ಐದರಲ್ಲೇ ಕಿತ್ತರೆ, ಆರನೇ ವಯಸ್ಸಿನ ಹೊತ್ತಿಗೆ ಅದರ ಹಿಂದೆ ಹುಟ್ಟುವ ಶಾಶ್ವತ ದವಡೆ ಹಲ್ಲು ಖಾಲಿ ಜಾಗದತ್ತ ಜರುಗಿ, ಕೆಳಗಿನಿಂದ ಬರಬೇಕಾದ ಹಲ್ಲಿನ ದಾರಿಯನ್ನೇ ಮುಚ್ಚುತ್ತದೆ.

ಸ್ಟೀಲ್ ಕ್ಯಾಪ್ ಮಕ್ಕಳ ದಂತವೈದ್ಯಕ್ಕೆ ಬಂದದ್ದು 1950ರಲ್ಲಿ, ಅಮೆರಿಕದ ವಿಲಿಯಂ ಹಂಫ್ರಿ ಅವರ ಮೂಲಕ. ಇಷ್ಟು ವರ್ಷಗಳಾದರೂ ಅದರ ಜಾಗವನ್ನು ಬೇರೆ ಯಾವ ವಸ್ತುವೂ ಪೂರ್ತಿಯಾಗಿ ಹಿಡಿದಿಲ್ಲವೆಂದರೆ ಅದಕ್ಕೆ ಕಾರಣ ಆ ಲೋಹದ ತೆಳುವು ಮತ್ತು ಬಳುಕು. ಕ್ಯಾಪಿನ ಗೋಡೆ ಸುಮಾರು 0.2 ಮಿ.ಮೀ. ದಪ್ಪ ಮಾತ್ರ. ಹಾಲುದವಡೆ ವಸಡಿನ ಬಳಿ ಸ್ವಲ್ಪ ಉಬ್ಬಿ, ಅದರ ಕೆಳಗೆ ಕತ್ತು ಹಿಸುಕಿದಂತೆ ಕಿರಿದಾಗುತ್ತದೆ. ಸ್ಟೀಲಿನ ಅಂಚು ಆ ಉಬ್ಬನ್ನು ದಾಟುವಾಗ ತುಸು ಹಿಗ್ಗಿ, ದಾಟಿದ ಮೇಲೆ ಒಳಕ್ಕೆ ಬಿಗಿದುಕೊಂಡು, ಡಬ್ಬಿಗೆ ಮುಚ್ಚಳ ಕೂತಂತೆ ಕೂರುತ್ತದೆ. ಹಿಡಿತದ ಬಹುಪಾಲು ಸಿಗುವುದು ಅಲ್ಲಿಂದಲೇ, ಉಳಿದದ್ದು ಸಿಮೆಂಟಿನಿಂದ. ಹೀಗಾಗಿ ಕೆನ್ನೆಯ ಕಡೆಯನ್ನೂ ನಾಲಿಗೆಯ ಕಡೆಯನ್ನೂ ನಾನು ಬಹುತೇಕ ಮುಟ್ಟುವುದೇ ಇಲ್ಲ. ಕೆಳದವಡೆಯ ಮೊದಲನೆಯ ಹಾಲುದವಡೆಗೆ ಕೆನ್ನೆಯ ಕಡೆ ದೊಡ್ಡ ಉಬ್ಬಿದ್ದಾಗ ಮಾತ್ರ ಅದನ್ನು ಸ್ವಲ್ಪ ತಗ್ಗಿಸುತ್ತೇನೆ. ಕಚ್ಚುವ ಮೇಲ್ಮೈಯನ್ನು 1ರಿಂದ 1.5 ಮಿ.ಮೀ. ಇಳಿಸಿ, ಅಕ್ಕಪಕ್ಕದ ಹಲ್ಲು ತಾಗುವೆಡೆ ಬರ್ ಎಂಬ ಸೂಜಿಯಂಥ ಕೊರೆಯುವ ಮೊನೆಯಿಂದ ತೆಳ್ಳಗೆ ಸೀಳಿದರೆ ಸವೆಸುವ ಕೆಲಸ ಮುಗಿಯಿತು. ಆ ಸೀಳಿನ ಕೆಳತುದಿಯಲ್ಲಿ ಮೆಟ್ಟಿಲು ಉಳಿಯಬಾರದು. ಪ್ರೋಬ್ ಎಂಬ ಮೊನಚು ಕಡ್ಡಿಯ ತುದಿಯನ್ನು ಮೇಲಿನಿಂದ ಕೆಳಕ್ಕೆ ಎಳೆದಾಗ ಎಲ್ಲಿಯೂ ತಡೆಯದೆ ವಸಡಿನೊಳಕ್ಕೆ ಜಾರಬೇಕು. ತಡೆದರೆ ಕ್ಯಾಪ್ ಆ ಮೆಟ್ಟಿಲ ಮೇಲೇ ನಿಂತುಬಿಡುತ್ತದೆ; ಎಷ್ಟು ಒತ್ತಿದರೂ ಇಳಿಯುವುದಿಲ್ಲ.

ಅಳತೆಗಳು 2ರಿಂದ 7ರವರೆಗೆ ಬರುತ್ತವೆ. ನನ್ನ ಪೆಟ್ಟಿಗೆಯಲ್ಲಿ 4 ಮತ್ತು 5 ಯಾವಾಗಲೂ ಮೊದಲು ಖಾಲಿಯಾಗುತ್ತವೆ. ಕೆಳದವಡೆಯಲ್ಲಿ ನಾಲಿಗೆಯ ಕಡೆಯಿಂದ ಕೂರಿಸಿ ಕೆನ್ನೆಯ ಕಡೆಗೆ ಹೊರಳಿಸುತ್ತೇನೆ. ಸರಿಯಾದ ಅಳತೆಯಾದರೆ ಕೊನೆಯಲ್ಲಿ ‘ಟಕ್’ ಎಂಬ ಸಣ್ಣ ಸದ್ದು ಬೆರಳಿಗೇ ತಿಳಿಯುತ್ತದೆ. ಸುತ್ತಲಿನ ವಸಡು ಒಂದು ಕ್ಷಣ ಬಿಳುಚಿಕೊಂಡು ಮತ್ತೆ ಬಣ್ಣಕ್ಕೆ ತಿರುಗಿದರೆ ಅದು ಸಹಜ. ಒಂದೇ ಕಡೆ ಅಗಲವಾಗಿ ಬಿಳುಚಿಕೊಂಡೇ ಉಳಿದರೆ ಅಲ್ಲಿ ಅಂಚು ಉದ್ದವಾಗಿದೆ ಎಂದರ್ಥ, ಅದನ್ನು ಕತ್ತರಿಸಿ ಮತ್ತೆ ಪ್ಲೈಯರಿನಿಂದ ಒಳಕ್ಕೆ ಬಾಗಿಸುತ್ತೇನೆ. ಅಂಚು ವಸಡಿನ ಕೆಳಗೆ ಸುಮಾರು 1 ಮಿ.ಮೀ. ಇಳಿದರೆ ಸಾಕು. ಒಳಗೆ ಗ್ಲಾಸ್ ಅಯೋನೋಮರ್ ಸಿಮೆಂಟನ್ನು ಧಾರಾಳವಾಗಿ ತುಂಬಿ, ಹಲ್ಲನ್ನು ಒಣಗಿಸಿ, ಕ್ಯಾಪನ್ನು ಕೂರಿಸಿ, ಹತ್ತಿಯುಂಡೆಯ ಮೇಲೆ ಮಗುವಿಗೇ ಕಚ್ಚಲು ಹೇಳುತ್ತೇನೆ. ಸಿಮೆಂಟ್ ಗಟ್ಟಿಯಾಗುವ ಮೊದಲೇ, ನಡುವೆ ಗಂಟು ಹಾಕಿದ ಫ್ಲಾಸ್ ದಾರವನ್ನು ಸಂದಿಯಲ್ಲಿ ಎಳೆದು ಒಳಗೆ ಸಿಕ್ಕಿರುವ ಸಿಮೆಂಟನ್ನು ಹೊರತೆಗೆಯುವುದನ್ನು ಮರೆಯಬಾರದು. ಅದು ಅಲ್ಲೇ ಉಳಿದರೆ ವಸಡು ವಾರಗಟ್ಟಲೆ ಊದಿಕೊಂಡಿರುತ್ತದೆ.

ಸ್ಟೀಲಿನ ಇನ್ನೊಂದು ಗುಣ, ಅದನ್ನು ನಮ್ಮ ಕೈಗೆ ಒಗ್ಗಿಸಿಕೊಳ್ಳಬಹುದು ಎಂಬುದು. ಹುಳುಕಿನಿಂದ ಹಲ್ಲಿನ ಪಕ್ಕ ಕುಸಿದು ಬಹಳ ದಿನವಾಗಿದ್ದರೆ ಹಿಂದಿನ ಹಲ್ಲು ಮುಂದೆ ಸರಿದು ಜಾಗ ಕಿರಿದಾಗಿರುತ್ತದೆ. ಆಗ ಆ ಹಲ್ಲಿಗೆಂದು ಇರುವ ಅಳತೆ ಯಾವುದೂ ಹೊಂದುವುದಿಲ್ಲ. ಕ್ಯಾಪಿನ ಎರಡು ಪಕ್ಕಗಳನ್ನು ಪ್ಲೈಯರಿನಲ್ಲಿ ಒತ್ತಿ ಚಪ್ಪಟೆ ಮಾಡಿದರೆ ಕೆಲವೊಮ್ಮೆ ಹೊಂದುತ್ತದೆ. ಕೆಳಗಿನ ಎಡಬದಿಯ ಮೊದಲನೆಯ ಹಾಲುದವಡೆಗೆ ಮೇಲಿನ ಬಲಬದಿಯ ಮೊದಲನೆಯ ಹಾಲುದವಡೆಯ ಕ್ಯಾಪನ್ನು ಕೂರಿಸುವುದು ನಮ್ಮವರಲ್ಲಿ ಹಳೆಯ ಉಪಾಯ. ಮೇಲ್ದವಡೆಯ ಕ್ಯಾಪ್ ಮುಂದಿನಿಂದ ಹಿಂದಕ್ಕೆ ಕಿರಿದಾಗಿರುವುದರಿಂದ ಅದು ಆ ಇಕ್ಕಟ್ಟಿನ ಜಾಗಕ್ಕೆ ಸರಿಯಾಗಿ ಹೊಂದುತ್ತದೆ. ತಡವಾಗಿ ಬರುವ ಮಕ್ಕಳೇ ಹೆಚ್ಚಾಗಿರುವ ನನ್ನ ಕ್ಲಿನಿಕ್ಕಿನಲ್ಲಿ ಈ ಉಪಾಯ ಪದೇ ಪದೇ ಬಳಕೆಗೆ ಬರುತ್ತದೆ.

ಕೊರೆಯದೆ, ಇಂಜೆಕ್ಷನ್ ಕೊಡದೆ, ಹುಳುಕನ್ನೂ ತೆಗೆಯದೆ ಸ್ಟೀಲ್ ಕ್ಯಾಪನ್ನು ಸಿಮೆಂಟ್ ತುಂಬಿ ಹಾಗೆಯೇ ಕೂರಿಸುವ ಹಾಲ್ ವಿಧಾನವನ್ನು ಮೊದಲು ಕೇಳಿದವರು ನನ್ನನ್ನು ಅನುಮಾನದಿಂದ ನೋಡುತ್ತಾರೆ. ಸ್ಕಾಟ್ಲೆಂಡಿನಲ್ಲಿ ನಾರ್ನಾ ಹಾಲ್ ಎಂಬ ದಂತವೈದ್ಯೆ 1980ರ ದಶಕದಿಂದ ಹೀಗೆ ಮಾಡುತ್ತಿದ್ದರು. ಆನಂತರ ಸ್ಕಾಟ್ಲೆಂಡಿನದೇ ಟೇಸೈಡ್ ಪ್ರದೇಶದ 132 ಮಕ್ಕಳಲ್ಲಿ, ಒಂದೇ ಬಾಯಿಯ ಒಂದು ಹಲ್ಲಿಗೆ ಹಾಲ್ ಕ್ಯಾಪನ್ನೂ ಅದಕ್ಕೆ ಸಮನಾದ ಇನ್ನೊಂದು ಹಲ್ಲಿಗೆ ಮಾಮೂಲಿ ಫಿಲ್ಲಿಂಗನ್ನೂ ಮಾಡಿ ಹೋಲಿಸಿ ನೋಡಲಾಯಿತು. 2011ರಲ್ಲಿ ಪ್ರಕಟವಾದ ಐದು ವರ್ಷಗಳ ಫಲಿತಾಂಶದಲ್ಲಿ ನೋವು, ಕೀವಿನಂಥ ದೊಡ್ಡ ವೈಫಲ್ಯ ಕ್ಯಾಪ್ ಹಾಕಿದ ಹಲ್ಲುಗಳಲ್ಲಿ ಶೇ. 3ರಷ್ಟಿದ್ದರೆ ತುಂಬಿಸಿದ ಹಲ್ಲುಗಳಲ್ಲಿ ಶೇ. 16.5ರಷ್ಟಿತ್ತು. ಇದರ ತರ್ಕ ಸರಳವಾದದ್ದು: ಹೊರಗಿನಿಂದ ಆಹಾರ ಸಿಗದಂತೆ ಪೂರ್ತಿ ಮುಚ್ಚಿಬಿಟ್ಟರೆ ಒಳಗಿನ ಬ್ಯಾಕ್ಟೀರಿಯಾ ಕೆಲಸ ನಿಲ್ಲಿಸುತ್ತದೆ, ನರ ತನ್ನ ಮೇಲೆ ತಾನೇ ಹೊಸ ಡೆಂಟಿನ್ (ಎನಾಮೆಲ್ಲಿನ ಒಳಗಿನ ಪದರ) ಕಟ್ಟಿಕೊಳ್ಳಲು ಸಮಯ ಸಿಗುತ್ತದೆ.

ಆದರೆ ಇದು ಎಲ್ಲ ಹುಳುಕಿಗೂ ಅಲ್ಲ. ರಾತ್ರಿ ನೋವಿನಿಂದ ಮಗು ಏಳುತ್ತಿದ್ದರೆ, ವಸಡಿನ ಮೇಲೆ ಕೀವಿನ ಗುಳ್ಳೆಯಿದ್ದರೆ, ಹಲ್ಲು ಅಲ್ಲಾಡುತ್ತಿದ್ದರೆ, ಇಲ್ಲವೇ ಎಕ್ಸ್‌ರೇಯಲ್ಲಿ ಹುಳುಕಿಗೂ ನರಕ್ಕೂ ನಡುವೆ ಗಟ್ಟಿ ಡೆಂಟಿನ್ನಿನ ಸ್ಪಷ್ಟ ಪಟ್ಟಿ ಕಾಣದಿದ್ದರೆ ನಾನು ಹಾಲ್ ವಿಧಾನಕ್ಕೆ ಕೈಹಾಕುವುದಿಲ್ಲ. ಅಂಥ ಹಲ್ಲಿಗೆ ನರದ ಚಿಕಿತ್ಸೆಯೇ ಮೊದಲು. ಹಲ್ಲುಗಳು ಬಿಗಿಯಾಗಿ ತಾಗಿಕೊಂಡಿದ್ದರೆ ಸಂದಿಯಲ್ಲಿ ಸಣ್ಣ ರಬ್ಬರ್ ಉಂಗುರವನ್ನು ಕೂರಿಸಿ ಮೂರ್ನಾಲ್ಕು ದಿನ ಬಿಟ್ಟು ಬರಹೇಳಬೇಕು. ತೊಂದರೆ ಬರುವುದು ಇಲ್ಲಿಯೇ. ಸಕಲೇಶಪುರದ ಕಡೆಯ ತೋಟಗಳಿಂದ ಬರುವ ಕೂಲಿ ಕುಟುಂಬಗಳಿಗೆ ಕಾಫಿ ಕೊಯ್ಲಿನ ಕಾಲದಲ್ಲಿ ಸುಮಾರು 40 ಕಿ.ಮೀ. ದೂರದ ಹಾಸನಕ್ಕೆ ಒಂದೇ ವಾರದಲ್ಲಿ ಎರಡು ಸಲ ಬರುವುದೆಂದರೆ ಎರಡು ದಿನದ ಕೂಲಿ ಹೋದಂತೆ. ಉಂಗುರ ಹಾಕಿಸಿಕೊಂಡು ಹೋದವರು ಮರಳದಿದ್ದರೆ ಅದು ವಸಡಿನೊಳಕ್ಕೆ ಜಾರಿ ಬೇರೆಯದೇ ತಾಪತ್ರಯ ಶುರುವಾಗುತ್ತದೆ. ಆದ್ದರಿಂದ ಅಂಥ ಮನೆಯ ಮಗುವಿಗೆ ಸಂದಿ ಮೊದಲೇ ತೆರೆದುಕೊಂಡಿದ್ದರೆ ಮಾತ್ರ ಹಾಲ್ ವಿಧಾನ. ಇಲ್ಲವಾದರೆ ಮರಗಟ್ಟಿಸಿ, ಸಂದಿಯನ್ನು ಸೀಳಿ, ಮಾಮೂಲಿ ರೀತಿಯಲ್ಲಿ ಅದೇ ದಿನ ಸ್ಟೀಲ್ ಕ್ಯಾಪ್ ಹಾಕಿ ಕಳುಹಿಸುತ್ತೇನೆ. ಹಾಲ್ ಕ್ಯಾಪ್ ಹಾಕಿದ ದಿನ ಕಚ್ಚು ಎತ್ತರವಾಗಿ, ಉಳಿದ ಹಲ್ಲುಗಳು ಸೇರುವುದಿಲ್ಲ. ‘ಮಗು ಬಾಯಿ ಮುಚ್ಚೋಕೇ ಆಗ್ತಿಲ್ಲ’ ಎಂದು ಸಂಜೆಯೇ ಫೋನು ಬರುತ್ತದೆ. ಕೆಲವೇ ವಾರಗಳಲ್ಲಿ ಅದು ತಾನಾಗಿ ಹೊಂದಿಕೊಳ್ಳುತ್ತದೆ ಎಂಬುದನ್ನು ಮೊದಲೇ ಹೇಳಿ ಕಳುಹಿಸಿದರೂ ಫೋನು ಬರುವುದು ತಪ್ಪುವುದಿಲ್ಲ, ಬರಲಿ. ಮೇಲೂ ಕೆಳಗೂ ಎದುರುಬದಿರಾದ ಹಲ್ಲುಗಳಿಗೆ ಮಾತ್ರ ಒಂದೇ ದಿನ ಹಾಲ್ ಕ್ಯಾಪ್ ಹಾಕುವುದಿಲ್ಲ.

ಸ್ಟೀಲ್ ಬೇಡವೆನ್ನುವ ನಿಜವಾದ ಕಾರಣಗಳೂ ಉಂಟು. ಈಗಿನ ಸ್ಟೀಲ್ ಕ್ಯಾಪುಗಳಲ್ಲಿ ಹೆಚ್ಚಿನದು ಕಬ್ಬಿಣ, ಶೇ. 17ರಿಂದ 19ರಷ್ಟು ಕ್ರೋಮಿಯಂ, ಶೇ. 9ರಿಂದ 12ರಷ್ಟು ನಿಕ್ಕಲ್ ಇರುತ್ತದೆ. ಆದ್ದರಿಂದ ಕಿವಿ ಚುಚ್ಚಿಸಿದ ಹೆಣ್ಣುಮಕ್ಕಳ ತಾಯಂದಿರನ್ನು ನಾನು ತಪ್ಪದೆ ಕೇಳುವ ಪ್ರಶ್ನೆಯೊಂದಿದೆ: ಗಿಲೀಟಿನ ಓಲೆ ಹಾಕಿದಾಗ ಕಿವಿ ಕೆಂಪಾಗಿ, ತುರಿಸಿ, ನೀರು ಸೋರುತ್ತದೆಯೇ? ಚಿನ್ನದ ಓಲೆಗೆ ಬದಲಾಯಿಸಿದರೆ ವಾಸಿಯಾಗುತ್ತದೆಯೇ? ಎರಡಕ್ಕೂ ಹೌದೆಂದರೆ ನಿಕ್ಕಲ್ ಅಲರ್ಜಿಯ ಶಂಕೆ ಬರುತ್ತದೆ, ಅಲ್ಲಿ ನಾನು ಸ್ಟೀಲಿನ ಹಟ ಹಿಡಿಯುವುದಿಲ್ಲ. ಫಿಟ್ಸ್ ಅಥವಾ ಬೇರೆ ಕಾರಣಕ್ಕೆ ತಲೆಯ ಎಂಆರ್‌ಐ ಮತ್ತೆ ಮತ್ತೆ ಮಾಡಿಸಬೇಕಾದ ಮಗುವಿಗೂ, ಸ್ಟೀಲು ಆಸುಪಾಸಿನ ಚಿತ್ರವನ್ನು ಕೆಡಿಸುವುದರಿಂದ, ಬೇರೆ ದಾರಿ ಯೋಚಿಸುತ್ತೇನೆ.

ಮಕ್ಕಳ ಹಲ್ಲಿಗೆಂದು ಸಿದ್ಧ ಜಿರ್ಕೋನಿಯಾ ಕ್ಯಾಪುಗಳು ಬಂದದ್ದು ಈ ಶತಮಾನದ ಮೊದಲ ದಶಕ ಮುಗಿಯುವ ಹೊತ್ತಿಗೆ. ನೋಡಲು ಅವು ಹಲ್ಲಿನಂತೆಯೇ ಇರುತ್ತವೆ, ಬಣ್ಣ ಮಾಸುವುದಿಲ್ಲ, ಮೇಲ್ಮೈ ನುಣುಪಾಗಿರುವುದರಿಂದ ಪಾಚಿ ಹಿಡಿಯುವುದು ಕಡಿಮೆ, ಪಕ್ಕದ ವಸಡು ಆರೋಗ್ಯವಾಗಿರುತ್ತದೆ. ಆದರೆ ಜಿರ್ಕೋನಿಯಾ ಬಳುಕುವುದಿಲ್ಲ. ಪ್ಲೈಯರಿನಿಂದ ಬಾಗಿಸಲಾಗದು, ಒತ್ತಿ ಕೂರಿಸಲಾಗದು. ಹಟದಿಂದ ಒತ್ತಿದರೆ ಕಣ್ಣಿಗೆ ಕಾಣದ ಬಿರುಕು ಹುಟ್ಟಿ ಮುಂದೆ ಯಾವತ್ತೋ ಒಡೆಯುತ್ತದೆ. ಕ್ಯಾಪ್ ಹಲ್ಲಿಗೆ ಹೊಂದುವುದಿಲ್ಲ, ಹಲ್ಲನ್ನೇ ಕ್ಯಾಪಿಗೆ ಹೊಂದಿಸಬೇಕು. ಕಚ್ಚುವ ಮೇಲ್ಮೈಯಲ್ಲಿ 1.5ರಿಂದ 2 ಮಿ.ಮೀ., ಸುತ್ತಲೂ 0.5ರಿಂದ 1.25 ಮಿ.ಮೀ., ಅದೂ ವಸಡಿನ ಕೆಳಗೆ 1ರಿಂದ 2 ಮಿ.ಮೀ.ವರೆಗೆ ಸವೆಸಿ, ಸ್ಟೀಲಿಗೆ ಹಿಡಿತ ಕೊಡುತ್ತಿದ್ದ ಆ ಉಬ್ಬನ್ನೇ ತೆಗೆದುಹಾಕಬೇಕಾಗುತ್ತದೆ. ಹಾಲುದವಡೆಯ ಗಾತ್ರವನ್ನೂ ಅದರೊಳಗಿನ ನರ ಎಷ್ಟು ಮೇಲಿದೆ ಎಂಬುದನ್ನೂ ನೆನೆದರೆ ಇದು ಸಣ್ಣ ನಷ್ಟವಲ್ಲ. ನರ ಚೆನ್ನಾಗಿರುವ ಹಲ್ಲಿಗೆ ಬಿಳಿ ಬಣ್ಣದ ಆಸೆಗೆ ಇಷ್ಟೊಂದು ಸವೆಸಿ, ಕೊನೆಗೆ ನರದ ಚಿಕಿತ್ಸೆಯನ್ನೂ ಸೇರಿಸುವುದು ನನ್ನ ಮನಸ್ಸಿಗೆ ಒಪ್ಪುವುದಿಲ್ಲ.

ಎರಡನೆಯ ಕಷ್ಟ ರಕ್ತದ್ದು. ವಸಡಿನ ಕೆಳಗೆ ಬರ್ ಹೋದ ಮೇಲೆ ರಕ್ತ ಬರದೆ ಇರದು. ಜಿರ್ಕೋನಿಯಾ ನಿಲ್ಲುವುದೇ ಸಿಮೆಂಟಿನ ಹಿಡಿತದಿಂದಾದ್ದರಿಂದ, ಒಳಮೈಗೆ ರಕ್ತವೋ ಜೊಲ್ಲೋ ಅಂಟಿದರೆ ಆ ಹಿಡಿತ ಕೆಡುತ್ತದೆ. ನೀರಿನಲ್ಲಿ ತೊಳೆದ ಮಾತ್ರಕ್ಕೆ ಅದು ಹೋಗುವುದಿಲ್ಲ. ಅದಕ್ಕಾಗಿ ಅಳತೆ ನೋಡಲೆಂದೇ ಬೇರೆ ಕ್ಯಾಪ್ ಇಟ್ಟುಕೊಂಡು, ಕೂರಿಸುವ ಕ್ಯಾಪನ್ನು ಕೊನೆಯ ಕ್ಷಣದವರೆಗೆ ಬಾಯೊಳಕ್ಕೆ ಒಯ್ಯುವುದಿಲ್ಲ. ಹಲ್ಲಿನ ಸುತ್ತ ಮರಗಟ್ಟಿಸುವ ಔಷಧದಲ್ಲಿ ನೆನೆಸಿದ ಗಾಜ್ ಬಟ್ಟೆಯನ್ನು ಒತ್ತಿಟ್ಟುಕೊಂಡು, ವಸಡಿನ ಅಂಚಿನಲ್ಲಿ ಕೆಂಪು ಗೆರೆ ಮತ್ತೆ ಮೂಡುವುದಿಲ್ಲ ಎಂಬುದು ಖಚಿತವಾಗುವವರೆಗೆ ಕಾಯುತ್ತೇನೆ. ಆ ಹೊತ್ತೆಲ್ಲ ಮಗು ಬಾಯಿ ತೆರೆದುಕೊಂಡು ಅಲುಗಾಡದೆ ಮಲಗಿರಬೇಕು. ಕೂರಿಸಿದ ಮೇಲೂ ಸ್ಟೀಲಿನಂತೆ ‘ಕಚ್ಚು ಪುಟ್ಟ’ ಎನ್ನುವ ಹಾಗಿಲ್ಲ. ಕಚ್ಚಿದರೆ ಕ್ಯಾಪ್ ಓರೆಯಾಗುತ್ತದೆ. ಸಿಮೆಂಟ್ ಗಟ್ಟಿಯಾಗುವವರೆಗೆ ಬೆರಳಿನಿಂದ ಒಂದೇ ಸಮನೆ ಹಿಡಿದಿರಬೇಕು. ಇಷ್ಟು ಹೊತ್ತು ಕುಳಿತುಕೊಳ್ಳುವ ಐದು ವರ್ಷದ ಮಗು ಇದ್ದೀತು, ಮೂರು ವರ್ಷದ್ದು ಅಪರೂಪ. ಕುರ್ಚಿಯ ಕೈಗಳನ್ನು ಬಿಗಿಯಾಗಿ ಹಿಡಿದು ಕಣ್ಣು ಮುಚ್ಚಿಕೊಂಡಿರುವ ಮಗುವಿಗೆ ಜಿರ್ಕೋನಿಯಾದ ಮಾತನ್ನೇ ಎತ್ತುವುದಿಲ್ಲ.

ಹಾಗಾದರೆ ಜಿರ್ಕೋನಿಯಾವನ್ನು ಹಾಕುವುದೇ ಇಲ್ಲವೇ ಎಂದರೆ ಹಾಕುತ್ತೇನೆ. ಹುಳುಕು ನರ ಮುಟ್ಟಿ ಪಲ್ಪೊಟಮಿಯೋ (ಹಲ್ಲಿನ ಮೇಲ್ಭಾಗದ ನರವನ್ನಷ್ಟೇ ತೆಗೆಯುವುದು) ಪಲ್ಪೆಕ್ಟಮಿಯೋ (ಬೇರಿನೊಳಗಿನ ನರವನ್ನೂ ತೆಗೆಯುವುದು) ಆಗಿರುವ, ಸವೆಸಿದರೆ ಕಳೆದುಕೊಳ್ಳುವ ನರವೇ ಮೇಲ್ಭಾಗದಲ್ಲಿ ಉಳಿದಿಲ್ಲದ, ಗೋಡೆಗಳು ಸಾಕಷ್ಟು ಎತ್ತರವಿರುವ, ವಸಡು ಊದಿಕೊಂಡಿರದ ಹಲ್ಲಿಗೆ ಅದು ಚೆನ್ನಾಗಿ ಕೂರುತ್ತದೆ. ಅದರಲ್ಲೂ ಮೊದಲನೆಯ ಹಾಲುದವಡೆ, ನಗುವಾಗ ಕಣ್ಣಿಗೆ ಬೀಳುವ ಜಾಗದಲ್ಲಿರುವುದರಿಂದ, ಅಲ್ಲಿ ಬಿಳಿಯ ಆಸೆಗೆ ಅರ್ಥವಿದೆ. ಎರಡನೆಯ ಹಾಲುದವಡೆ ಕೆನ್ನೆಯ ಮರೆಯಲ್ಲಿರುತ್ತದೆ, ಅಗಿಯುವ ಭಾರವನ್ನೂ ಹೆಚ್ಚು ಹೊರುತ್ತದೆ. ಅಲ್ಲಿ ನನ್ನ ಸಲಹೆ ಸ್ಟೀಲ್. ಒಂದೇ ಬದಿಯಲ್ಲಿ ಮುಂದಿನದಕ್ಕೆ ಬಿಳಿ, ಹಿಂದಿನದಕ್ಕೆ ಸ್ಟೀಲ್ ಹಾಕಿ ಕಳುಹಿಸಿದ ಮಕ್ಕಳೂ ಇದ್ದಾರೆ. ಜಿರ್ಕೋನಿಯಾದ ಗಡಸುತನದಿಂದ ಎದುರಿನ ಹಲ್ಲು ಸವೆಯುತ್ತದೆಯೇ ಎಂದು ಕೇಳುವವರಿಗೆ, ನುಣುಪು ಹೋಗದಿದ್ದರೆ ಸವೆತ ಅಷ್ಟಾಗಿ ಆಗುವುದಿಲ್ಲ ಎನ್ನುತ್ತೇನೆ. ಅದೇ ಕಾರಣಕ್ಕೆ ಕೂರಿಸಿದ ಮೇಲೆ ಕ್ಯಾಪಿನ ಮೇಲ್ಮೈಯನ್ನು ಬರ್‌ನಿಂದ ಕೆರೆಯಬೇಕಾದ ಸ್ಥಿತಿ ಬರದಂತೆ ಹಲ್ಲನ್ನೇ ಮೊದಲು ಸಾಕಷ್ಟು ಇಳಿಸಿಕೊಳ್ಳುತ್ತೇನೆ.

ಪಾಲಿಮರ್ ಕ್ಯಾಪುಗಳ ಬಗ್ಗೆ ಹೆಚ್ಚು ಹೇಳುವುದಕ್ಕಿಲ್ಲ. ಬಿಳಿ ಬಣ್ಣ, ಸ್ಟೀಲಿನಂತೆ ತುಸು ಬಳುಕು, ಸವೆಸುವುದು ಜಿರ್ಕೋನಿಯಾದಷ್ಟಿಲ್ಲ, ಕೈಗೆ ಹಿತವೆನಿಸುತ್ತದೆ. ಆದರೆ ಸ್ಟೀಲಿಗಿರುವಂತೆ ದಶಕಗಳ ಅನುಭವ ಅದರ ಬೆನ್ನಿಗಿಲ್ಲ. ಹತ್ತಿರದಲ್ಲೇ ಇದ್ದು, ಕರೆದಾಗ ತೋರಿಸಲು ಬರುತ್ತೇವೆ ಎನ್ನುವ ಮನೆಯ ಮಕ್ಕಳಿಗೆ ಮಾತ್ರ ಸದ್ಯಕ್ಕೆ ಹಾಕುತ್ತಿದ್ದೇನೆ; ಹಲ್ಲು ಕಡಿಯುವ ಅಭ್ಯಾಸವಿರುವ ಮಕ್ಕಳಿಗೆ ಹಾಕುವುದಿಲ್ಲ.

ಹೆತ್ತವರೊಡನೆ ಮಾತು ಹೆಚ್ಚಾಗಿ ತೊಡಕಾಗುವುದು ಬಣ್ಣದ ವಿಷಯದಲ್ಲೇ. ಅರಕಲಗೂಡು ಕಡೆಯಿಂದ ಮೊಮ್ಮಗಳನ್ನು ಕರೆತಂದಿದ್ದ ಅಜ್ಜಿಯೊಬ್ಬರು, ಟ್ರೇಯಲ್ಲಿದ್ದ ಸ್ಟೀಲ್ ಕ್ಯಾಪನ್ನು ನೋಡಿ, ‘ಹೆಣ್ಣುಮಗು ಕಣ್ರೀ ಡಾಕ್ಟ್ರೇ, ನಕ್ರೆ ಬಾಯಲ್ಲಿ ಕಬ್ಬಿಣ ಕಾಣುತ್ತಲ್ಲ’ ಎಂದರು. ‘ಅಜ್ಜಿ, ಇದು ಕಾಣೋದು ಬಾಯಿ ಪೂರ್ತಿ ತೆಗೆದಾಗ. ಮದುವೆ ಹೊತ್ತಿಗೆ ಈ ಹಲ್ಲೂ ಇರಲ್ಲ, ಈ ಕ್ಯಾಪೂ ಇರಲ್ಲ’ ಎಂದೆ. ಮಗುವಿನ ಕೈಗೆ ಕನ್ನಡಿ ಕೊಟ್ಟು, ಕ್ಯಾಪನ್ನು ಬರೀ ಹಲ್ಲಿನ ಮೇಲಿಟ್ಟು ನಗಲು ಹೇಳಿದೆ. ನಗುವಾಗ ಅದು ಕಾಣಲಿಲ್ಲ, ಬೇಕೆಂದೇ ಬಾಯಗಲಿಸಿದಾಗ ಕಂಡಿತು. ‘ಬೆಳ್ಳಿ ಹಲ್ಲು ಅಜ್ಜಿ, ಬೆಳ್ಳಿ ಹಲ್ಲು’ ಎಂದು ಮಗುವೇ ಒಪ್ಪಿಕೊಂಡಿತು. ಎಲ್ಲರೂ ಹೀಗೆ ಒಪ್ಪುವುದಿಲ್ಲ. ಶಾಲೆಯಲ್ಲಿ ಛೇಡಿಸುತ್ತಾರೆ ಎಂದು ಅಳುವ ಎಂಟು ವರ್ಷದ ಹುಡುಗನ ಮಾತನ್ನು ನಾನು ಹಗುರವಾಗಿ ತೆಗೆದುಕೊಳ್ಳುವುದಿಲ್ಲ. ಆದರೆ ಎಂಟು ವರ್ಷದ ಮೇಲೆ ಮೊದಲನೆಯ ಹಾಲುದವಡೆ ಬಾಯಲ್ಲಿರುವುದು ಇನ್ನು ಒಂದೆರಡು ವರ್ಷ ಎಂಬುದನ್ನೂ ಹೇಳುತ್ತೇನೆ. ಅಷ್ಟು ಕಾಲಕ್ಕೆ ಸ್ಟೀಲಿನ ಹಲವು ಪಟ್ಟು ಬೆಲೆ ಕೊಡುವುದು ಬೇಕೇ ಎಂಬುದು ಅವರ ತೀರ್ಮಾನ. ಎರಡೂ ಬೆಲೆಗಳನ್ನು ಕೆಲಸ ಶುರುವಾಗುವ ಮೊದಲೇ ಬರೆದು ಕೊಡುತ್ತೇನೆ. ಮರಗಟ್ಟಿಸಿದ ಮಗುವನ್ನು ಕುರ್ಚಿಯಲ್ಲಿ ಮಲಗಿಸಿಕೊಂಡು ಹಣದ ಮಾತಾಡಬಾರದು.

ಯಾವ ಕ್ಯಾಪ್ ಹಾಕಿದರೂ ಆಮೇಲಿನ ತಪಾಸಣೆ ಒಂದೇ. ನಾಲ್ಕೈದು ವರ್ಷದ ಮಗುವಿನ ಎರಡನೆಯ ಹಾಲುದವಡೆಗೆ ಕ್ಯಾಪ್ ಹಾಕಿದಾಗ ಅದರ ಹಿಂದಿನ ಅಂಚು ಉದ್ದವಾಗಿ ಉಳಿದರೆ, ಆರನೇ ವಯಸ್ಸಿಗೆ ಹುಟ್ಟುವ ಶಾಶ್ವತ ದವಡೆ ಹಲ್ಲು ಬರುತ್ತ ಬರುತ್ತ ಆ ಅಂಚಿನ ಕೆಳಗೆ ಸಿಕ್ಕಿಕೊಳ್ಳುತ್ತದೆ; ಅದಕ್ಕಾಗಿ ಅಂಥ ಮಕ್ಕಳಿಗೆ ಕ್ಯಾಪ್ ಹಾಕಿದ ಮೇಲೆ ಹಿಂದಿನ ಅಂಚನ್ನು ಎಕ್ಸ್‌ರೇಯಲ್ಲಿ ನೋಡುತ್ತೇನೆ. ಕ್ಯಾಪ್ ಇರುವ ಹಲ್ಲನ್ನು ಬ್ರಷ್ ಮಾಡುವ ಅಗತ್ಯವಿಲ್ಲವೆಂದು ತಿಳಿದವರು ಬಹಳ. ವಸಡಿನ ಅಂಚಿನಲ್ಲಿ ಬ್ರಷ್ ಓಡಲೇಬೇಕು, ರಾತ್ರಿಯದಂತೂ ತಪ್ಪಬಾರದು. ಕ್ಯಾಪ್ ಕಳಚಿಬಂದರೆ ಅದನ್ನು ಎಸೆಯದೆ ಒಂದು ಡಬ್ಬಿಯಲ್ಲಿಟ್ಟು ತರಲು ಹೇಳುತ್ತೇನೆ; ಸ್ಟೀಲಿನದಾದರೆ ಅಂಚನ್ನು ಮತ್ತೆ ಬಾಗಿಸಿ ಅದನ್ನೇ ಕೂರಿಸಬಹುದು, ಜಿರ್ಕೋನಿಯಾವೂ ಒಡೆದಿರದಿದ್ದರೆ ಒಳಮೈಯನ್ನು ಶುಚಿಗೊಳಿಸಿ ಮತ್ತೆ ಕೂರಿಸಲು ಬರುತ್ತದೆ. ನುಂಗಿಬಿಟ್ಟರೆ ಹೆಚ್ಚಾಗಿ ಮಲದಲ್ಲಿ ಹೋಗುತ್ತದೆ. ಆದರೆ ನುಂಗಿದ ಹೊತ್ತಿನಿಂದ ಕೆಮ್ಮು, ಉಸಿರಿನಲ್ಲಿ ಸಿಳ್ಳೆಯಂಥ ಸದ್ದು ಇದ್ದರೆ ಕ್ಯಾಪ್ ಶ್ವಾಸನಾಳಕ್ಕೆ ಹೋಗಿರಬಹುದಾದ್ದರಿಂದ ನನ್ನ ಬಳಿಗಲ್ಲ, ನೇರವಾಗಿ ಆಸ್ಪತ್ರೆಗೆ ಹೋಗಬೇಕು. ಬೇರು ಕರಗಿ ಹಾಲು ಹಲ್ಲು ಬೀಳುವಾಗ ಕ್ಯಾಪೂ ಅದರೊಡನೆಯೇ ಬರುತ್ತದೆ, ಅದನ್ನು ತೆಗೆಸಲೆಂದು ಬರಬೇಕಾಗಿಲ್ಲ. ನರದ ಚಿಕಿತ್ಸೆಯಾದ ಹಲ್ಲುಗಳಲ್ಲಿ ಕೆಲವು ಮಾತ್ರ ಹೊತ್ತು ಮೀರಿದರೂ ಬೀಳದೆ ಕೂತು ಕೆಳಗಿನ ಹಲ್ಲನ್ನು ಪಕ್ಕಕ್ಕೆ ತಳ್ಳುತ್ತವೆ. ಅಂಥ ಮಕ್ಕಳ ಹೆತ್ತವರಿಗೆ ಹತ್ತು ತುಂಬಿದ ಮೇಲಿನ ಬೇಸಿಗೆ ರಜೆಯಲ್ಲಿ ಒಮ್ಮೆ ಎಕ್ಸ್‌ರೇಗೆ ಬರುವಂತೆ ಚೀಟಿಯ ಮೇಲೆಯೇ ಬರೆದು ಕಳುಹಿಸುತ್ತೇನೆ.